ಕೇಳಲಾಕ ಬಿಡ್ತಾರೇನು?

"ಪರೀಕ್ಷಾ ಯಾವ ಭಾಷಾದಾಗ ಬರೀತಿ?"

"ಸ್ಪ್ಯಾನಿಷ್‌ದಾಗ, ಅಜ್ಜ."

"ಪಾಠನೂ ಅದರಾಗೇ?"

"ಎಲ್ಲಾ ಅದರಾಗೇ."

"ತಿಳೀಲಿಲ್ಲಂದ್ರ ಕೇಳಲಾಕ ಬಿಡ್ತಾರೇನು?"

ಅಣ್ಣನ ಮಗಳು ಸ್ಪೇನಿನ ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮಾಸ್ಟರ್ಸ್‌ಗೆ ಸೇರಿದ್ದಾಳೆ. ಹೋದ ಭಾನುವಾರ ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಕಲಬುರಗಿಯ ನಮ್ಮ ಮನೆಯಲ್ಲಿ ಎಲ್ಲರೂ ಕೂಡಿದ್ದೆವು. ಊಟ ಮಾಡಿದೆಯಾ, ಚಳಿ ಎಷ್ಟು, ರೊಟ್ಟಿ ಸಿಗುತ್ತದಾ, ಎಲ್ಲ ಕೇಳಿದ್ದಾಯಿತು. ತೊಂಬತ್ತು ದಾಟಿದ ಅಜ್ಜ ಮಾತ್ರ ಪರೀಕ್ಷೆಯ ಮಾತು ತೆಗೆದರು. ಆ ಕೊನೆಯ ಪ್ರಶ್ನೆ ವಾರವಿಡೀ ನನ್ನ ತಲೆ ಬಿಟ್ಟು ಹೋಗಿಲ್ಲ.

"ಬಿಡ್ತಾರ ಅಜ್ಜ," ಅಂದಳು ಅವಳು. "ನಾ ಮಾತು ಮುಗಿಸೋತನಕ ಕಾಯ್ತಾರ."

ಅಜ್ಜ ಏನೂ ಹೇಳಲಿಲ್ಲ. ಫೋನಿಗೆ ಇನ್ನಷ್ಟು ಮುಖ ಹತ್ತಿರ ತಂದು ಅವಳನ್ನೇ ನೋಡಿದರು.

ಅಲ್ಲೇ ಕೂತಿದ್ದ ನಮ್ಮ ಭಾವ, "ಇಷ್ಟ್ ದುಡ್ಡು ಹಾಕಿ ಇಂಗ್ಲಿಷ್ ದೇಶಕ್ಕರ ಹೋಗಬೇಕಿಲ್ಲ?" ಅಂದರು. ಭಾವ ಮನೆಗೆ ಆಗುವ ಮನುಷ್ಯ, ಸಾಲಕ್ಕೆ ಜಾಮೀನು ನಿಂತವರೂ ಅವರೇ. ಆದರೆ ಇಂಗ್ಲಿಷಿನಲ್ಲಿ ಹೇಳಿದ್ದೇ ವಿದ್ಯೆ ಅಂತ ಬಲವಾಗಿ ನಂಬಿದವರು. ನಮ್ಮ ಊರಿನ ಅರ್ಧ ಜನ ಹಾಗೇ ನಂಬಿದ್ದಾರೆ, ಆ ನಂಬಿಕೆಗೆ ಮಕ್ಕಳನ್ನು ಬಲಿ ಕೊಡುತ್ತಾರೆ.

ಈ ಹುಡುಗಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಮೇಲೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಏನೋ ಕೇಳಲು ಎದ್ದು ನಿಂತಾಗ, "ಮೊದಲು ಇಂಗ್ಲಿಷ್ ಕಲಿತು ಬಾ, ಆಮೇಲೆ ಪ್ರಶ್ನೆ ಕೇಳು" ಎಂದರಂತೆ ಒಬ್ಬ ಮೇಷ್ಟ್ರು. ಕ್ಲಾಸು ನಕ್ಕಿತು. ಪದವಿ ಮುಗಿಯುವತನಕ ಇವಳು ಮತ್ತೆ ಬಾಯಿ ತೆರೆಯಲಿಲ್ಲ. ಅಂಕ ಚೆನ್ನಾಗೇ ಬಂದವು, ಆದ್ದರಿಂದ ಮನೆಯಲ್ಲಿ ಯಾರಿಗೂ ಇದು ಗೊತ್ತಾಗಲಿಲ್ಲ. ಹೋದ ವರ್ಷ ನನಗೆ ಹೇಳಿದಳು. ಆ ಮೇಷ್ಟ್ರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಸಾಲಮಾಂಕಾದಲ್ಲೂ ಅವಳ ಭಾಷೆ ಸಲೀಸಲ್ಲ. ಸ್ಪ್ಯಾನಿಷ್ ಮಧ್ಯಮ ಮಟ್ಟ ಮೀರಿ ಬಲ್ಲಳು ಎನ್ನುವ ಬಿ-2 ಪ್ರಮಾಣಪತ್ರ ಕೈಯಲ್ಲಿ ಹಿಡಿದು ಹೋದವಳು ಮೊದಲ ದಿನಗಳಲ್ಲಿ ಪಾಠದ ಅರ್ಧ ಹಿಡಿದರೆ ಹೆಚ್ಚು. ಅವರು ಮಾತಾಡುವ ವೇಗ ಅಂಥದ್ದು. ಒಂದು ದಿನ ಚರ್ಚೆಯಲ್ಲಿ ಎದ್ದು ಕ್ರಿಯಾಪದದ ಹತ್ತಿರ ಸಿಕ್ಕಿಹಾಕಿಕೊಂಡಳು. ಪ್ರೊಫೆಸರಮ್ಮ "ತ್ರಾಂಕಿಲಾ" ಅಂದರಂತೆ, ಗಾಬರಿ ಬೇಡ ಅಂತ. ಹಾಗಂದು ಸುಮ್ಮನೆ ಕಾದರು. ಕ್ಲಾಸೂ ಕಾಯಿತು. ಇವಳು ಮುಗಿಸಿದ ಮೇಲೆ ವಿಷಯಕ್ಕೆ ಉತ್ತರ ಕೊಟ್ಟರು, ವ್ಯಾಕರಣ ಎತ್ತಲಿಲ್ಲ. ಅಜ್ಜನಿಗೆ ಅವಳು ಹೇಳಿದ "ಕಾಯ್ತಾರ" ಇದೇ.

ಅಜ್ಜ ಕಲಿತದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಕಲಬುರಗಿ, ಬೀದರ ಕಡೆಯ ಹಳೇ ಮನೆಗಳಲ್ಲಿ ಇದು ಎಲ್ಲರ ಕಥೆ. 1918ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದೇ ಉರ್ದು ಮಾಧ್ಯಮದಲ್ಲಿ. ಅದಕ್ಕಾಗಿ ಹಿಂದಿನ ವರ್ಷವೇ ಭಾಷಾಂತರ ಕಚೇರಿ ತೆರೆದು ವಿಜ್ಞಾನದ ಪುಸ್ತಕಗಳನ್ನೂ ಉರ್ದುವಿಗೆ ತಂದರು. ನಮ್ಮ ದೇಶದ ಭಾಷೆಯೊಂದು ವಿಶ್ವವಿದ್ಯಾಲಯ ನಡೆಸಬಲ್ಲದು ಎಂದು ಆಗಲೇ ತೋರಿಸಿದ ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ರಾಜ್ಯದಲ್ಲಿದ್ದ ಕನ್ನಡದ ಹುಡುಗನಿಗೆ ಅದು ಸಿಕ್ಕಿದ್ದು ಬೇರೆ ಥರ. ಉತ್ತರ ಗೊತ್ತಿದ್ದರೂ ಉರ್ದು ಶಬ್ದ ಬಾಯಿಗೆ ಬಾರದೆ ನಿಂತರೆ ಬೆತ್ತ ಬೀಳುತ್ತಿತ್ತು ಅನ್ನುತ್ತಾರೆ ಅಜ್ಜ. ಉರ್ದುವಿನ ಮೇಲೆ ಅವರಿಗೆ ಎಳ್ಳಷ್ಟೂ ದ್ವೇಷವಿಲ್ಲ. ಇವತ್ತಿಗೂ ಹಾಲಿನ ಲೆಕ್ಕವನ್ನು ಆ ಲಿಪಿಯಲ್ಲೇ ಬರೆದಿಡುತ್ತಾರೆ, ಬಲಗಡೆಯಿಂದ ಎಡಕ್ಕೆ.

1948 ಬಂತು, ನಿಜಾಮರ ಆಳ್ವಿಕೆ ಮುಗಿಯಿತು. 1956 ಬಂತು, ಕನ್ನಡ ನಾಡು ಆಯಿತು. ಬೆತ್ತ ಹೋಯಿತು, ನಗು ಬಂತು. ಅಜ್ಜನಿಗೆ ಉರ್ದುವಿನಲ್ಲಿ ಆದದ್ದೇ ಮೊಮ್ಮಗನ ಮಗಳಿಗೆ ಇಂಗ್ಲಿಷಿನಲ್ಲಿ ಆಯಿತು, ಅದೂ ಕರ್ನಾಟಕದ ರಾಜಧಾನಿಯಲ್ಲಿ. ಇದನ್ನು ಯೋಚಿಸಿದಾಗ ನನಗೆ ನಿದ್ದೆ ಬರುವುದಿಲ್ಲ.

ಸ್ಪ್ಯಾನಿಷ್ ಏನು ಹುಟ್ಟುತ್ತಲೇ ವಿಶ್ವವಿದ್ಯಾಲಯದ ಭಾಷೆಯಾಗಿರಲಿಲ್ಲ. ಸಾಲಮಾಂಕಾ 1218ರಲ್ಲಿ ಶುರುವಾದದ್ದು. ಅಲ್ಲಿ ಶತಮಾನಗಟ್ಟಲೆ ಲ್ಯಾಟಿನ್ನಿನದೇ ಯಜಮಾನಿಕೆ. ಸ್ಪ್ಯಾನಿಷಿನ ಮೊದಲ ವ್ಯಾಕರಣವನ್ನು ನೆಬ್ರಿಹಾ ಎಂಬ ವಿದ್ವಾಂಸ ಅಚ್ಚು ಹಾಕಿಸಿದ್ದು 1492ರಲ್ಲಿ. ಅಲ್ಲೇ ಪಾಠ ಹೇಳುತ್ತಿದ್ದ ಲೂಯಿಸ್ ದೆ ಲಿಯೋನ್ ಎಂಬ ಸನ್ಯಾಸಿ-ಕವಿ 1572ರಿಂದ 1576ರವರೆಗೆ ಧರ್ಮನ್ಯಾಯಾಲಯದ ಸೆರೆಯಲ್ಲಿದ್ದ. ಬೈಬಲ್ಲಿನ ಒಂದು ಭಾಗವನ್ನು ಜನರ ಮಾತಿಗೆ ತಂದದ್ದೂ ಅವನ ಮೇಲಿನ ಆರೋಪಗಳಲ್ಲಿ ಒಂದು. ಅವನ ಪಾಠದ ಕೋಣೆಯನ್ನು ಇನ್ನೂ ಉಳಿಸಿದ್ದಾರೆ. ಒರಟು ಮರದ ತೊಲೆಗಳೇ ಬೆಂಚು. ಹುಡುಗಿ ಅದರ ಫೋಟೋ ಕಳಿಸಿದಾಗ ನನಗೆ ನೆನಪಾದದ್ದು ಕಲ್ಯಾಣ. ದೇವರ ಮಾತಿಗೆ ಸಂಸ್ಕೃತವೇ ಬೇಕೆನ್ನುತ್ತಿದ್ದ ಕಾಲದಲ್ಲಿ, ಹನ್ನೆರಡನೇ ಶತಮಾನದಲ್ಲೇ, ನಮ್ಮ ಬೀದರ ಜಿಲ್ಲೆಯ ನೆಲದಲ್ಲಿ ಶರಣರು ಅದನ್ನು ಆಡುಗನ್ನಡದಲ್ಲಿ ಚರ್ಚಿಸಿದರು. ಹಾಗಿದ್ದೂ 2021ರಲ್ಲಿ ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸಲು ಕೆಲವು ಕಾಲೇಜುಗಳಿಗೆ ಅನುಮತಿ ಸಿಕ್ಕಾಗ ಸೇರಲು ಬಂದವರು ತೀರ ಕಡಿಮೆ. ಮಕ್ಕಳನ್ನು ದೂರುವುದಿಲ್ಲ ನಾನು. ಓದಿದ ಮೇಲೆ ಕೆಲಸ ಕೊಡುವವನು ಯಾವ ಭಾಷೆಯಲ್ಲಿ ಮಾತಾಡುತ್ತಾನೆ ಅನ್ನುವುದು ಅವರಿಗೆ ಗೊತ್ತು.

ಭಾವನ ಲೆಕ್ಕದಲ್ಲೂ ನಿಜವಿದೆ. ಸ್ಪ್ಯಾನಿಷ್ ಓದಿ ಬಂದವಳಿಗೆ ಕಲಬುರಗಿಯಲ್ಲಿ ಕೆಲಸ ಎಲ್ಲಿದೆ? ಸಾಲದ ಕಂತು ಅದನ್ನೆಲ್ಲ ಕೇಳುವುದಿಲ್ಲ. ಆದರೂ ಬಾಯಿ ಕಟ್ಟಿದ್ದ ಹುಡುಗಿ ಈಗ ಪರದೇಶದಲ್ಲಿ, ಪರಭಾಷೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದಾಳೆ. ಆ ದುಡ್ಡು ಹಾಳಾಯಿತು ಅಂತ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಜನವರಿಯಲ್ಲಿ ಪರೀಕ್ಷೆ. ಹತ್ತಕ್ಕೆ ಐದು ಬಂದರೆ ಪಾಸು. ಅದಕ್ಕೂ ಮೊದಲು ಕ್ಲಾಸಿನ ಮುಂದೆ ನಿಂತು ಒಂದು ವಿಷಯ ಮಂಡಿಸಬೇಕು, ಸ್ಪ್ಯಾನಿಷಿನಲ್ಲೇ. ಅವಳು ಆರಿಸಿಕೊಂಡಿರುವುದು ಬೀದರಿನ ಮಹಮೂದ್ ಗಾವಾನ್ ಮದರಸಾ. 1472ರಲ್ಲಿ, ನೆಬ್ರಿಹಾನ ವ್ಯಾಕರಣಕ್ಕಿಂತ ಇಪ್ಪತ್ತು ವರ್ಷ ಮೊದಲು ಕಟ್ಟಿದ್ದು. ಕಟ್ಟಿಸಿದವನೂ ಇರಾನಿನ ಗೀಲಾನ್‌ದಿಂದ ಬಂದ ಪರಭಾಷಿಕನೇ. ಚಿತ್ರ ಬೇಕು ಕಾಕಾ ಅಂದಿದ್ದಾಳೆ, ಈ ಭಾನುವಾರ ಬೀದರಿಗೆ ಹೋಗುತ್ತಿದ್ದೇನೆ. ಉಳಿದಿರುವ ನೀಲಿ ಹೆಂಚುಗಳನ್ನು ಹತ್ತಿರದಿಂದ ತೆಗೆಯಬೇಕು. ಬಿದ್ದುಹೋದ ಭಾಗವನ್ನೂ ಬಿಡಬೇಡ ಅಂತ ತಾಕೀತು ಮಾಡಿದ್ದಾಳೆ. ಕ್ಲಾಸಿನವರು ಮೊದಲು ಅದನ್ನೇ ಕೇಳುತ್ತಾರಂತೆ.