ಅಶ್ವಗಂಧ, ಸರ್ಪಗಂಧಿ ಮತ್ತು ಬಲೆ ಹತ್ತುವ ಇಲಿಗಳು: ಪ್ರಾಜೆಕ್ಟ್ ಅಪ್‌ಡೇಟ್

ಎಥಿಕ್ಸ್ ಕಮಿಟಿಯ ಅನುಮತಿ ಬಂತು, ಮೊದಲ ಸುತ್ತಿನ ಪರೀಕ್ಷೆಯೂ ಮುಗಿಯಿತು. ಹೊಸಬರಿಗೆ: ಇದು ನನ್ನ ಎಂ.ಫಾರ್ಮ್ ಪ್ರಾಜೆಕ್ಟ್. ಸ್ಕಿಜೋಫ್ರೇನಿಯಾಕ್ಕೆ (ಭ್ರಮೆಗಳು ಕಾಡುವ, ಜನರಿಂದ ದೂರವಾಗಿಸುವ ಮಾನಸಿಕ ಕಾಯಿಲೆ) ಗಿಡಮೂಲಿಕೆಯ ಸಾರ ಏನಾದರೂ ಉಪಯೋಗಕ್ಕೆ ಬರುತ್ತದಾ ಅಂತ ಬಿಳಿ ಇಲಿಗಳ ಮೇಲೆ ನೋಡುತ್ತಿದ್ದೇನೆ. ಮುಖ್ಯ ಗಿಡ ಅಶ್ವಗಂಧ, ಹೋಲಿಸಿ ನೋಡಲು ಸರ್ಪಗಂಧಿ.

ಸಾರ ತೆಗೆಯುವ ಕೆಲಸದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಬೇರು ಒಣಗಿಸು, ಪುಡಿ ಮಾಡು, ಸಾಕ್ಸ್‌ಲೆಟ್ ಅನ್ನುವ ಸಾರ ಇಳಿಸುವ ಗಾಜಿನ ಉಪಕರಣಕ್ಕೆ ಹಾಕು, ಕಾಯ್ತಾ ಕೂತುಕೋ. ಕೊನೆಗೆ ಸಿಗುವುದು ಜೋನಿಬೆಲ್ಲದಂಥ ಅಂಟು. ಸರ್ಪಗಂಧಿಯ ಟಿಎಲ್‌ಸಿ ಪ್ಲೇಟನ್ನು (ಸಾರದ ಅಂಶಗಳನ್ನು ಬೇರೆಬೇರೆ ಮಾಡಿ ತೋರಿಸುವ ತಟ್ಟೆ) ಯುವಿ ದೀಪದ ಕೆಳಗೆ ಹಿಡಿದಾಗ, ಈ ಬೇರಿನ ಮುಖ್ಯ ಔಷಧೀಯ ಅಂಶವಾದ ರಿಸರ್ಪಿನ್ ಇರುವ ಜಾಗ ಹಳದಿ ಹಸಿರಾಗಿ ಹೊಳೆಯಿತು. ಅದನ್ನು ನೋಡಿ ಖುಷಿಯಾಗಿದ್ದು ನಿಜ.

ಸರ್ಪಗಂಧಿಯನ್ನೇ ಆರಿಸಿದ್ದು ಸುಮ್ನೆ ಅಲ್ಲ. ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಈ ಬೇರು ಹುಚ್ಚಿಗೂ ಬಿಪಿಗೂ ಆಗುತ್ತದೆ ಅಂತ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಇದರಿಂದ ರಿಸರ್ಪಿನ್ ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕ್ಲೈನ್ ತಮ್ಮ ರೋಗಿಗಳಿಗೆ ಕೊಟ್ಟ ಅನುಭವ ಪ್ರಕಟಿಸಿದರು. ಆಮೇಲೆ ಕ್ಲೋರ್‌ಪ್ರೊಮಜಿನ್ ಅನ್ನುವ ಇನ್ನೊಂದು ಔಷಧಿ ಮುಂದೆ ಹೋಯಿತು. ರಿಸರ್ಪಿನ್‌ನಿಂದ ಬಿಪಿ ಇಳಿಯುತ್ತಿತ್ತು, ಮಂಕು ಕವಿಯುತ್ತದೆ ಎಂಬ ದೂರೂ ಇತ್ತು, ಹಾಗಾಗಿ ಹಿಂದೆ ಸರಿಯಿತು. ಏನೇ ಇರಲಿ, ಮನುಷ್ಯರಲ್ಲಿ ಒಮ್ಮೆ ಕೆಲಸ ಮಾಡಿ ತೋರಿಸಿದ ಬೇರು ಇದು.

ಈಗ ಮುಖ್ಯ ವಿಷಯ. ಇಂಥ ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಅಪೋಮಾರ್ಫಿನ್‌ನದು. ಮೆದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಅನ್ನುವ ರಾಸಾಯನಿಕದಂತೆ ಕೆಲಸ ಮಾಡುವ ಔಷಧಿ ಇದು. ಅದನ್ನು ಚುಚ್ಚಿದರೆ ಇಲಿ ತಂತಿಬಲೆಯ ಗೋಡೆಗೆ ನಾಲ್ಕೂ ಕಾಲು ಊರಿ ಹತ್ತುತ್ತದೆ. ಸ್ಕಿಜೋಫ್ರೇನಿಯಾದ ಔಷಧಿಯಾದ ಹ್ಯಾಲೊಪೆರಿಡಾಲ್ ಮೊದಲೇ ಕೊಟ್ಟಿದ್ದರೆ ಹತ್ತಲ್ಲ. ಹಾಗೆ ಹತ್ತುವುದನ್ನು ತಡೆಯುವ ಸಾರ ಪಾಸು. (ಅಪೋಮಾರ್ಫಿನ್ ದ್ರಾವಣ ಇಟ್ಟಲ್ಲೇ ಹಸಿರಾಗುತ್ತದೆ. ವಿಟಮಿನ್ ಸಿ ಬೆರೆಸಿ, ಆಗಿಂದಾಗ್ಗೆ ತಯಾರಿಸಿಕೊಳ್ಳಿ.)

ಹಿಂದಿನ ದಿನ ಸರ್ಪಗಂಧಿ ಕುಡಿಸಿದ್ದ ಇಲಿಗಳು ಬೆನ್ನು ಗೂನು ಮಾಡಿಕೊಂಡು, ಅರ್ಧ ಕಣ್ಣು ಮುಚ್ಚಿ ಮೂಲೆಯಲ್ಲಿ ಕೂತಿದ್ದವು. ಅಪೋಮಾರ್ಫಿನ್ ಬಿದ್ದಿದ್ದೇ ತಡ, ಎದ್ದು ಬಲೆ ಹತ್ತಿದವು! ಅಂದರೆ ಮನುಷ್ಯರಲ್ಲಿ ಕೆಲಸ ಮಾಡಿದ ಬೇರು ಈ ಪರೀಕ್ಷೆಯಲ್ಲಿ ಫೇಲು.

ಯೋಚಿಸಿದರೆ ಇದು ಹೀಗೇ ಆಗಬೇಕು. ರಿಸರ್ಪಿನ್ ನರಕೋಶದೊಳಗಿನ ಡೋಪಮಿನ್ ದಾಸ್ತಾನನ್ನು ಖಾಲಿ ಮಾಡುತ್ತದೆ, ರಿಸೆಪ್ಟರ್ (ಡೋಪಮಿನ್ ಬಂದು ಕೂರುವ ಜಾಗ) ಮುಟ್ಟಲ್ಲ. ಅಪೋಮಾರ್ಫಿನ್‌ಗೆ ಆ ದಾಸ್ತಾನೇ ಬೇಡ, ಅದು ನೇರವಾಗಿ ರಿಸೆಪ್ಟರ್‌ಗೇ ಹೋಗಿ ಕೂರುತ್ತದೆ. ಹ್ಯಾಲೊಪೆರಿಡಾಲ್ ಥರ ರಿಸೆಪ್ಟರ್ ಮುಚ್ಚುವ ಔಷಧಿಯನ್ನು ಮಾತ್ರ ಈ ಪರೀಕ್ಷೆ ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು ತೊಂದರೆಯೂ ಇದೆ: ಬರೀ ನಿದ್ದೆ ತರಿಸುವ ಸಾರ ಕೊಟ್ಟರೂ ಇಲಿ ಹತ್ತಲ್ಲ, ಅದೂ ಪಾಸಾದಂತೆ ಕಾಣುತ್ತದೆ. ಅದಕ್ಕೇ ರೋಟರಾಡ್ (ತಿರುಗುವ ಕೋಲಿನ ಮೇಲೆ ಇಲಿ ಬೀಳದೆ ನಿಲ್ಲುತ್ತದಾ ಅಂತ ನೋಡುವ ಪರೀಕ್ಷೆ) ಜೊತೆಗಿರಬೇಕು. ಅದಿಲ್ಲದೆ ಇಂಥ ಗಿಡದಲ್ಲಿ ಔಷಧಿ ಸಿಕ್ಕಿತು ಅನ್ನುವ ಪೇಪರ್ ನಾನಂತೂ ನಂಬಲ್ಲ.

ಅಶ್ವಗಂಧ ಕೊಟ್ಟ ಇಲಿಗಳೂ ಹತ್ತಿದವು. ಬೇಜಾರಿಲ್ಲ. 2018ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್‌ನ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾದ 66 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಮಾಮೂಲಿ ಮಾತ್ರೆಯ ಜೊತೆ 12 ವಾರ ಅಶ್ವಗಂಧದ ಸಾರ ಕೊಟ್ಟರು, ಉಳಿದವರಿಗೆ ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮಾತ್ರೆ). ಸಾರ ಪಡೆದವರಲ್ಲಿ ಯಾರ ಜೊತೆಗೂ ಬೆರೆಯದಿರುವುದು, ಉತ್ಸಾಹ ಇಲ್ಲದಿರುವುದು ಇಂಥ ಲಕ್ಷಣಗಳು ಕಡಿಮೆಯಾದವು. ಭ್ರಮೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆರೆಯದಿರುವುದನ್ನು ಬಲೆ ಹತ್ತಿಸಿ ಅಳೆಯೋಕಾಗಲ್ಲ ಅಲ್ವಾ?

ಪರಿಚಯದವರೊಬ್ಬರು ಮಗನಿಗೆ ಮಾತ್ರೆ ಬಿಡಿಸಿ ಅಶ್ವಗಂಧವನ್ನೇ ಕೊಡಲಾ ಅಂತ ಕೇಳಿದರು. ಖಂಡಿತ ಬೇಡ ಅಂದೆ. ಸರ್ಪಗಂಧಿಯನ್ನಂತೂ ಮನೆಯಲ್ಲಿ ಮುಟ್ಟಲೇಬಾರದು.

ಮುಂದಿನ ಸುತ್ತು ಕೀಟಮಿನ್ ಅನ್ನುವ ಅರಿವಳಿಕೆ ಔಷಧಿಯದು. ಅದನ್ನು ಕೆಲವು ದಿನ ಕೊಟ್ಟರೆ ಇಲಿ ಇನ್ನೊಂದು ಇಲಿಯ ಹತ್ತಿರ ಹೋಗಿ ಮೂಸುವುದನ್ನು ಕಡಿಮೆ ಮಾಡುತ್ತದೆ. ಅಶ್ವಗಂಧ ಅದನ್ನು ಸರಿಪಡಿಸುತ್ತದಾ ಅಂತ ನೋಡಬೇಕು. ವಿಡಿಯೊ ನೋಡಿ ಅಂಕ ಹಾಕೋಕೆ ಗೆಳತಿಯೊಬ್ಬಳು ಒಪ್ಪಿದ್ದಾಳೆ. ಯಾವ ಇಲಿಗೆ ಏನು ಕೊಟ್ಟಿದೆ ಅಂತ ಅವಳಿಗೆ ಹೇಳಲ್ಲ.