ಒಪ್ಪಿಗೆ ಕೊಟ್ಟದ್ದು ವಾಟ್ಸ್‌ಆ್ಯಪ್

ಅಡಿಕೆ ಟೆಂಡರ್‌ನಲ್ಲಿ ದರ ಬಿದ್ದ ಮೇಲೆ ಕೊಡುವುದೋ ಬಿಡುವುದೋ ಬೆಳೆಗಾರನಿಗೆ ಬಿಟ್ಟದ್ದು. ನಾನು ಸಾಫ್ಟ್‌ವೇರ್ ನೋಡಿಕೊಳ್ಳುವ ಶಿರಸಿಯ ವಖಾರಿಯೊಂದರಲ್ಲಿ ಈ ಒಪ್ಪಿಗೆಯನ್ನು ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಕೇಳುತ್ತಿದ್ದರು. ಹಿಂದೆ ಯಾರೋ ಬರೆದುಕೊಟ್ಟ ವ್ಯವಸ್ಥೆ. ಲಿಂಕಿನ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಲಾಟ್ (ಮಾರಾಟಕ್ಕಿಟ್ಟ ರಾಶಿ) ನಂಬರ್, ಅಡಿಕೆಯ ಬಗೆ, ದರ, ಟೋಕನ್ ಎಂಬ ಒಂದು ಗುಟ್ಟಿನ ಗುರುತು, ಕೊನೆಗೆ ‘ಒಪ್ಪಿಗೆ=1’. ಲಾಗಿನ್ ಇಲ್ಲ, ಲಿಂಕ್ ಒತ್ತಿದರೆ ಮಾರಾಟ ಪಕ್ಕಾ.

ಒಂದಿನ ಹಿರಿಯರೊಬ್ಬರ ಫೋನ್: “ತಮಾ, ಲಿಂಕ್ ಆನು ಮುಟ್ಟಿದ್ನೇ ಇಲ್ಲೆ, ಒಪ್ಪಿದ್ದು ಯಾರು?”

ಬಂದ ವಿನಂತಿಗಳನ್ನೆಲ್ಲ ಬರೆದಿಡುವ ಸರ್ವರ್ ಲಾಗ್ ತೆಗೆದರೆ ಉತ್ತರ ಅಲ್ಲೇ ಇತ್ತು. ಒಪ್ಪಿಗೆ ದಾಖಲಾದ ಸಮಯ ಮೆಸೇಜ್ ಹೋದ ಸಮಯಕ್ಕಿಂತ ಮೊದಲಿನದು. ಪುಟವನ್ನು ಕೇಳಿದ್ದು ಯಾರು ಎಂದು ಹೇಳುವ ಯೂಸರ್ ಏಜೆಂಟ್ ಜಾಗದಲ್ಲಿ ಬ್ರೌಸರ್ ಹೆಸರಿಲ್ಲ, ‘ವಾಟ್ಸ್‌ಆ್ಯಪ್’ ಅಂತಿತ್ತು. ಗುಮಾಸ್ತರು ಲಿಂಕನ್ನು ಪೇಸ್ಟ್ ಮಾಡಿದ ಕೂಡಲೇ ಶೀರ್ಷಿಕೆ, ಚಿತ್ರ ತೋರಿಸಲೆಂದು ಅವರ ಫೋನೇ ಆ ಪುಟವನ್ನು ತರಿಸಿಕೊಂಡಿತ್ತು. ಅಲ್ಲಿಗೆ ಸರ್ವರ್ ಲೆಕ್ಕದಲ್ಲಿ ಅಡಿಕೆ ಮಾರಿ ಆಗಿತ್ತು.

ವಾಟ್ಸ್‌ಆ್ಯಪನ್ನು ಬೈದು ಪ್ರಯೋಜನವಿಲ್ಲ. ಸಾದಾ ಲಿಂಕ್ ಒತ್ತಿದರೆ ಹೋಗುವುದು ಗೆಟ್ ವಿನಂತಿ, ಅದಿರುವುದು ನೋಡುವುದಕ್ಕೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಪದ್ಧತಿಯಾದ ಎಚ್‌ಟಿಟಿಪಿಯ ಈಗಿನ ನಿಯಮ, 2022ರ ಆರ್‌ಎಫ್‌ಸಿ 9110, ಕೂಡ ಇದನ್ನೇ ಹೇಳುತ್ತದೆ. 2005ರಲ್ಲಿ ಗೂಗಲ್‌ನ ವೆಬ್ ಆಕ್ಸಿಲರೇಟರ್ ಪುಟದಲ್ಲಿದ್ದ ಲಿಂಕ್‌ಗಳನ್ನು ತಾನೇ ಮುಂಚಿತವಾಗಿ ತೆರೆದಿಡಲು ಹೋಗಿ, ಕೆಲವು ತಾಣಗಳ ‘ಅಳಿಸು’ ಲಿಂಕ್‌ಗಳನ್ನೂ ಒತ್ತಿ ರಂಪ ಮಾಡಿತ್ತು. ಅಷ್ಟು ಹಳೆಯ ಪಾಠ, ಘಟ್ಟ ಹತ್ತಿ ಶಿರಸಿಗೆ ಬರುವುದಕ್ಕೆ ತಡವಾಯಿತು ಅಷ್ಟೆ.

ಈಗ ಲಿಂಕಿನಲ್ಲಿ ಟೋಕನ್ ಒಂದೇ. ಯಾವ ಲಾಟ್, ಎಷ್ಟು ತೂಕ, ಏನು ದರ ಎಂಬುದನ್ನು ಸರ್ವರ್ ತನ್ನ ಡೇಟಾಬೇಸ್‌ನಿಂದಲೇ ತೆಗೆದು ತೋರಿಸುತ್ತದೆ. ವಿಳಾಸದಲ್ಲಿ ದರ ಕಳಿಸಿ ಅದನ್ನೇ ವಾಪಸ್ ನಂಬುವುದೆಂದರೆ ಗಿರಾಕಿಯ ಕೈಗೇ ಬಿಲ್‌ಬುಕ್ ಕೊಟ್ಟ ಹಾಗೆ. ಒಪ್ಪಿಗೆಗೆ ಪುಟದೊಳಗೊಂದು ಫಾರ್ಮ್, ಅದರ ಗುಂಡಿ ಒತ್ತಿದರೆ ಪೋಸ್ಟ್ ವಿನಂತಿ; ಅದಿರುವುದು ಮಾಹಿತಿ ಸಲ್ಲಿಸುವುದಕ್ಕೆ, ಶೀರ್ಷಿಕೆ ತೋರಿಸಲು ಪುಟ ತರಿಸುವ ಫೋನ್ ಅದನ್ನು ಕಳಿಸದು. ಮಳೆಗಾಲದಲ್ಲಿ ನೆಟ್‌ವರ್ಕ್ ತೂಕಡಿಸಿ ಜನ ಎರಡೆರಡು ಸಲ ಒತ್ತುತ್ತಾರೆ. ಹಾಗಾಗಿ ಒಮ್ಮೆ ಉತ್ತರ ಬಂದ ಲಾಟ್‌ಗೆ ಸರ್ವರ್ ಮತ್ತೆ ಕೈಹಾಕದು.

ಹಳೆಯ ಲಿಂಕನ್ನು ಬಿಚ್ಚುವಾಗ ಇನ್ನೊಂದು ಹುಳುಕೂ ಸಿಕ್ಕಿತು. ಬಗೆಯ ಜಾಗದಲ್ಲಿ ‘ಚಾಲಿ & ಕೋಕ’ ಎಂದಿದ್ದರೆ ಸರ್ವರ್‌ಗೆ ತಲುಪುತ್ತಿದ್ದದ್ದು ಬರೀ ‘ಚಾಲಿ’. ವಿಳಾಸದಲ್ಲಿ & ಅಂದರೆ ಮುಂದಿನ ಮಾಹಿತಿ ಶುರು ಎಂದರ್ಥ, ಕೋಕ ಅಲ್ಲೇ ಕಳಚಿಬೀಳುತ್ತಿತ್ತು. ಬರೆದವರು, ವಿಳಾಸಕ್ಕೆ ಹೊಂದದ ಚಿಹ್ನೆಗಳನ್ನು ಸಂಕೇತವಾಗಿಸುವ ಜಾವಾಸ್ಕ್ರಿಪ್ಟ್‌ನ ಎನ್‌ಕೋಡ್‌ಯುಆರ್‌ಐ ಬಳಸಿದ್ದರು; ಅದು & ಅನ್ನು ಮುಟ್ಟುವುದಿಲ್ಲ. ಪ್ರತಿ ಮಾಹಿತಿಗೂ ಬೇರೆಯಾಗಿ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಬೇಕು. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಯುಟಿಎಫ್-8 ಎಂಬ ಬರಹದ ಸಂಕೇತ ಪದ್ಧತಿಯಲ್ಲಿ 3 ಬೈಟ್, ವಿಳಾಸದಲ್ಲಿ ಒಂದೊಂದು ಬೈಟ್‌ಗೆ 3 ಅಕ್ಷರ. ‘ಚಾಲಿ’ ಎಂಬ ನಾಲ್ಕು ಚಿಹ್ನೆಯ (ಎರಡು ವ್ಯಂಜನ, ಎರಡು ಸ್ವರಚಿಹ್ನೆ) ಪುಟ್ಟ ಪದವೇ 36 ಅಕ್ಷರ ಉದ್ದವಾಗುತ್ತದೆ. ಬಗೆಯ ಹೆಸರನ್ನು ಬಿಟ್ಟು ಟೋಕನ್ ಒಂದನ್ನೇ ಕಳಿಸುವುದಕ್ಕೆ ಇದೂ ಒಂದು ಕಾರಣ.

ಟೋಕನ್ ಇನ್ನೂ ವಿಳಾಸದಲ್ಲೇ ಇದೆಯಲ್ಲ, ಅದು ಸರ್ವರ್ ಲಾಗ್‌ನಲ್ಲೂ ಫೋನಿನ ಹಿಸ್ಟರಿಯಲ್ಲೂ ಉಳಿಯುತ್ತದೆ. ಅದಕ್ಕೇ ಆ ದಿನದ ವ್ಯವಹಾರ ಮುಗಿದೊಡನೆ ಅದು ಸಾಯುತ್ತದೆ. ಆಮೇಲೆ ಒತ್ತಿದವರಿಗೆ ವಖಾರಿಯ ಫೋನ್ ನಂಬರ್ ಕಾಣುತ್ತದೆ.