ಕಣ್ಣು ಕಾಣದ ಮಕ್ಕಳಿಗೆ ಚೆಸ್ ಕಲಿಸಿ ಏನು ಉಪಯೋಗ?

ದೃಷ್ಟಿ ಇಲ್ಲದ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಕಾಣದೆ ಹೇಗೆ ಆಡುತ್ತಾರೆ? ಆಡಿ ಏನು ಉಪಯೋಗ? ಮೊದಲನೆಯದು ಗೊತ್ತಾದರೆ ಎರಡನೆಯದು ಅರ್ಧ ಬಗೆಹರಿದಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅವರ ಮಣೆಯಲ್ಲಿ ಕಪ್ಪು ಮನೆಗಳು ಬಿಳಿ ಮನೆಗಳಿಗಿಂತ ಸ್ವಲ್ಪ ಎತ್ತರ. ಪ್ರತಿ ಮನೆಯ ನಡುವೆ ಒಂದು ತೂತು, ಪ್ರತಿ ಕಾಯಿಯ ಬುಡದಲ್ಲಿ ಒಂದು ಕಡ್ಡಿ. ಸಿಕ್ಕಿಸಿಟ್ಟ ಕಾಯಿ ಕೈಯಾಡಿಸಿದರೂ ಬೀಳುವುದಿಲ್ಲ. ಕಪ್ಪು ಕಾಯಿಗಳ ಮೇಲೆ ಬೆರಳಿಗೆ ಸಿಗುವ ಗುರುತು ಇರುತ್ತದೆ. ಎದುರಾಳಿಗೆ ಕಣ್ಣು ಕಾಣುತ್ತಿದ್ದರೆ ಅವರಿಗೆ ಮಾಮೂಲಿ ಮಣೆ, ಇವರಿಗೆ ಈ ಮಣೆ. ನಡೆಯನ್ನು ಬಾಯಲ್ಲಿ ಹೇಳಬೇಕು. ಎದುರಿನವರು ಅದನ್ನೇ ತಿರುಗಿ ಹೇಳಿ ತಮ್ಮ ಮಣೆಯಲ್ಲಿ ಇಟ್ಟುಕೊಳ್ಳಬೇಕು. ಮಣೆಯ ಎಂಟು ಉದ್ದಸಾಲುಗಳನ್ನು ಎ ಇಂದ ಎಚ್‌ವರೆಗಿನ ಇಂಗ್ಲಿಷ್ ಅಕ್ಷರಗಳಿಂದ ಕರೆಯುತ್ತಾರೆ. ಬಿ, ಡಿ, ಇ ಎಲ್ಲಾ ಕಿವಿಗೆ ಒಂದೇ ಥರ ಕೇಳುತ್ತವೆ ಅಲ್ವಾ? ಅದಕ್ಕೇ ಎಂಟು ಸಾಲಿಗೂ ಹೆಸರಿಟ್ಟಿದ್ದಾರೆ: ಆನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್.

ನನಗೆ ತುಂಬಾ ಇಷ್ಟವಾದ ನಿಯಮ ಇನ್ನೊಂದಿದೆ. ಚೆಸ್‌ನಲ್ಲಿ ಕಾಯಿ ಮುಟ್ಟಿದರೆ ಅದನ್ನೇ ಆಡಬೇಕು. ಮುಟ್ಟಿಯೇ ನೋಡುವವರು ಏನು ಮಾಡಬೇಕು? ಅವರು ಕಾಯಿಯನ್ನು ತೂತಿನಿಂದ ಹೊರಗೆ ತೆಗೆದರೆ ಮಾತ್ರ ಮುಟ್ಟಿದ ಲೆಕ್ಕ. ಇಷ್ಟು ಬದಲಾಯಿಸಿದರೆ ಸಾಕು, ಇಬ್ಬರಿಗೂ ಆಟ ಸಮ. ಉಳಿದಂತೆ ಕುದುರೆಯ ನಡೆ ಅದೇ, ಚೆಕ್‌ಮೇಟ್ ಅದೇ.

ಈಗ ಉಪಯೋಗದ ಮಾತು. ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಜಾಸ್ತಿ ಬರುತ್ತದೆ ಅಂತ ನಾನು ಹೇಳಲಿ ಎಂದು ಅಪ್ಪ ಅಮ್ಮಂದಿರು ಕಾಯುತ್ತಿರುತ್ತಾರೆ. ಆ ಭರವಸೆ ನಾನು ಕೊಡುವುದಿಲ್ಲ. ನಾನು ಕಂಡಿದ್ದು ಬೇರೆ. ಈ ಮಕ್ಕಳ ದಿನದಲ್ಲಿ ಎಷ್ಟೋ ತೀರ್ಮಾನ ಬೇರೆಯವರದ್ದು. ರಸ್ತೆ ದಾಟಿಸುವವರು ಒಬ್ಬರು, ಪರೀಕ್ಷೆ ಬರೆದುಕೊಡುವವರು ಇನ್ನೊಬ್ಬರು, ಅಂಗಿ ಆರಿಸುವವರು ಮತ್ತೊಬ್ಬರು. ಮಣೆಯ ಮುಂದೆ ಕೂತಾಗ ಮಾತ್ರ ಯಾರೂ ಹೇಳಿಕೊಡುವಂತಿಲ್ಲ. ಆನೆ ಕೊಟ್ಟು ಮಂತ್ರಿ ಹೊಡೆಯೋದೋ ಬೇಡವೋ, ಆ ಮಗುವೇ ಯೋಚಿಸಬೇಕು. ಸೋತರೂ ತನ್ನದೇ ಸೋಲು. ‘ಪಾಪ, ಕಾಣಲ್ಲ’ ಅಂತ ಎದುರಾಳಿ ಬಿಟ್ಟುಕೊಟ್ಟರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ, ಸಿಟ್ಟೂ ಬರುತ್ತದೆ. ಆ ಸಿಟ್ಟು ಕಂಡರೆ ನನಗೆ ಖುಷಿ.

ಅಂಧರ ಕ್ರಿಕೆಟ್ಟಿಗೆ ಸದ್ದು ಮಾಡುವ ಚೆಂಡು ಬೇಕು, ತಂಡವೂ ಬೇರೆ. ಚೆಸ್‌ನಲ್ಲಿ ಪಕ್ಕದ ಮನೆ ಹುಡುಗನ ಜೊತೆಗೇ ಕೂರಬಹುದು. 2022ರಲ್ಲಿ ಮಾಮಲ್ಲಪುರದ ಚೆಸ್ ಒಲಿಂಪಿಯಾಡ್‌ನಲ್ಲಿ ದೃಷ್ಟಿದೋಷ ಇರುವವರ ಅಂತರರಾಷ್ಟ್ರೀಯ ತಂಡ ದೇಶಗಳ ತಂಡಗಳ ನಡುವೆಯೇ ಆಡಿತು. ಕಿವಿ ಕೇಳಿಸದವರ ತಂಡ, ಅಂಗವಿಕಲರ ತಂಡ ಕೂಡ ಇದ್ದವು.

ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಹೆಸರನ್ನು ನಾನು ಮಕ್ಕಳಿಗೆ ಮೊದಲ ವಾರವೇ ಹೇಳುತ್ತೇನೆ. ಅಂಧರ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನು ಹಲವು ಸಲ ಗೆದ್ದವರು. 2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ತಂದರು. ವಡೋದರದ ದರ್ಪಣ್ ಇನಾನಿ ಮುಂದೆ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಅದೇ ಕೂಟದಲ್ಲಿ ಚಿನ್ನ ಗೆದ್ದರು. ಅವರು ಚಾರ್ಟರ್ಡ್ ಅಕೌಂಟೆಂಟ್ ಕೂಡ. ಎಲ್ಲರೂ ಅವರಂತೆ ಆಗಬೇಕಿಲ್ಲ. ಆದರೆ ಹೀಗೂ ಒಂದು ದಾರಿ ಇದೆ ಅಂತ ಮಗುವಿಗೆ ಗೊತ್ತಿರಬೇಕು.

ಶುರು ಮಾಡಲು ಒಂದು ಮಣೆ ಸಾಕು. ಮೊದಲು ಖಾಲಿ ಮಣೆಯನ್ನು ಮಗು ಬೇಕಾದಷ್ಟು ಹೊತ್ತು ಸವರಲಿ, ಅವಸರ ಬೇಡ. ಆಮೇಲೆ ಒಂದೊಂದೇ ಕಾಯಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಲು ಬಂದರೆ ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಪುಕ್ಕಟೆಯಾಗಿ ಆಡಬಹುದು. ಕೈ ಕುದುರಿದ ಮೇಲೆ ಊರಿನ ಮಾಮೂಲಿ ಟೂರ್ನಮೆಂಟಿಗೇ ಹೆಸರು ಕೊಡಿ. ‘ನಮ್ಮಲ್ಲಿ ಅದಕ್ಕೆ ವ್ಯವಸ್ಥೆ ಇಲ್ಲ’ ಅಂತ ಯಾರಾದರೂ ಅಂದರೆ, ಮಣೆ ನಾವೇ ತರುತ್ತೇವೆ ಅನ್ನಿ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮಗಳಲ್ಲಿ ಇದಕ್ಕೆಂದೇ ಒಂದು ಅನುಬಂಧ ಇದೆ. ಅದರ ಪ್ರಿಂಟ್ ತೆಗೆದುಕೊಂಡೇ ಹೋಗಿ.